ಕಡವಿನಜ್ಜ ಹೊಲಿದ ಮಡ್‌ಗಾರ್ಡು

ಅವರ ಬಲ ಅಂಗೈ ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ. ನೀರು ಕುಡಿಯಲು ಬೊಗಸೆ ಹಿಡಿದವರ ಹಾಗೆ ಯಾವಾಗಲೂ ಅರ್ಧ ಮಡಚಿಕೊಂಡೇ ಇರುತ್ತಿತ್ತು. ಉಣ್ಣಲು ಕುಳಿತಾಗ ಹಾಗೆ, ದೇವರಿಗೆ ಕೈ ಮುಗಿಯುವಾಗ ಹಾಗೆ, ಮಧ್ಯಾಹ್ನ ದೋಣಿಯ ನೆರಳಲ್ಲಿ ನಿದ್ದೆ ಹೋದಾಗಲೂ ಹಾಗೆಯೇ. ಒಮ್ಮೆ ನಾನು ಹಠ ಹಿಡಿದು, ನನ್ನ ಎರಡೂ ಕೈ ಹಾಕಿ ಆ ಬೆರಳುಗಳನ್ನು ಹಿಂದಕ್ಕೆ ಎಳೆದು ನೋಡಿದ್ದೆ. ಒಂದಿಷ್ಟು ಬಿಚ್ಚಿಕೊಂಡಂತೆ ಮಾಡಿ, ಬಿಟ್ಟ ಕೂಡಲೇ ಮತ್ತೆ ತಮ್ಮ ಜಾಗಕ್ಕೆ ಹೋಗಿ ಕುಳಿತವು.

"ಬಿಡ್ ಹೆಣೆ, ಗಳ ಹಿಡ್ದ್ ಹಿಡ್ದ್ ಅದ್ ಗಳದ್ದೇ ಕೈ ಆಯ್ ಹೋಯ್ತ್" ಎಂದು ಅವರು ನಕ್ಕರು. ನಮ್ಮ ಕಡೆ ಹುಡುಗಿಯರನ್ನು ಕರೆಯುವುದೇ ಹೆಣೆ ಎಂದು.

ಗಳ ಎಂದರೆ ಹೊಳೆಯ ತಳಕ್ಕೆ ಊರಿ ದೋಣಿ ನೂಕುವ ಉದ್ದನೆಯ ಬಿದಿರು. ನಮ್ಮೂರಲ್ಲಿ ಹೊಳೆ ದಾಟುವ ಕಡವಿನಲ್ಲಿ ಜಂಗಲ್ ನೂಕುವುದು ಅವರ ಕೆಲಸ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದರೆ ಅದೇ ಜಂಗಲ್. ಹೊಳೆಗೆ ಸೇತುವೆ ಇಲ್ಲದ ಆ ಕಾಲದಲ್ಲಿ ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಬಸ್ಸು, ಲಾರಿ, ಕಾರುಗಳೆಲ್ಲ ಅದರ ಮೇಲೇರಿ ಆಚೆ ದಡ ಸೇರಬೇಕಿತ್ತು. ಕಡವಿಗೆ ಇಳಿಯುವ ಇಳಿಜಾರಿನ ಪಕ್ಕದಲ್ಲಿ ನನ್ನ ಅಪ್ಪಯ್ಯನ ಚಾ ಹೊಟೇಲು. ಜಂಗಲ್ ಆಚೆ ದಡದಲ್ಲಿದ್ದಷ್ಟು ಹೊತ್ತೂ ಈಚೆ ದಡದ ಪ್ರಯಾಣಿಕರು ನಮ್ಮ ಬೆಂಚಿನ ಮೇಲೆ ಬನ್ಸ್ ತಿನ್ನುತ್ತಾ ಕೂರುತ್ತಿದ್ದರು. ನಮ್ಮ ಮನೆ ನಡೆದದ್ದು ಹೊಳೆಯ ನಿಧಾನದಿಂದ ಎಂದರೂ ತಪ್ಪಲ್ಲ.

ಅವರನ್ನು ಊರಿನ ಮಕ್ಕಳೆಲ್ಲ ಕಡವಿನಜ್ಜ ಎನ್ನುತ್ತಿದ್ದೆವು. ಅವರಿಗೊಂದು ಅಭ್ಯಾಸವಿತ್ತು. ಕಾರು ಜಂಗಲ್ ಮೇಲೆ ಹತ್ತಿ ನಿಂತ ಕೂಡಲೇ, ಗಳವನ್ನು ಜೊತೆಯವರ ಕೈಗೆ ಕೊಟ್ಟು, ಮುಂದಿನ ಚಕ್ರದ ಮಡ್‌ಗಾರ್ಡಿನ ಮೇಲೆ ತಮ್ಮ ಆ ಬಗ್ಗಿದ ಅಂಗೈಯನ್ನು ಒಮ್ಮೆ ಇಡುತ್ತಿದ್ದರು. ಆಗಿನ ಕಾರುಗಳ ಮಡ್‌ಗಾರ್ಡು ದುಂಡಗೆ, ದೊಡ್ಡದಾಗಿ, ಎಮ್ಮೆಯ ಬೆನ್ನಿನಂತೆ ಮಿರುಗುತ್ತಿತ್ತು. ಕೈ ಅದರ ಮೇಲೆ ಸರಿಯಾಗಿ ಕೂರುತ್ತಿತ್ತು. ಎಂತಕ್ಕೆ ಹಾಗೆ ಮಾಡುವುದು ಎಂದು ಕೇಳಿದ್ದಕ್ಕೆ, "ಕಾರಿಗೆ ನೀರ್ ಕಂಡ್ರೆ ಹೆದ್ರಿಕೆ. ಒಂದ್ಗಳಿಗೆ ಕೈ ಇಟ್ರೆ ಸುಮ್ನಾತ್ತ್" ಎಂದರು. ಅವರು ತಮಾಷೆ ಮಾಡುತ್ತಿದ್ದರೋ ನಂಬಿಯೇ ಹೇಳುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂತೂ ನಮ್ಮ ಕಡವಿನಲ್ಲಿ ಒಂದು ಕಾರೂ ನೀರಿಗೆ ಬಿದ್ದದ್ದನ್ನು ನಾನು ಕಂಡಿಲ್ಲ.

ನಮಗೂ ಕಾರುಗಳಿದ್ದವು. ಮೀನುಬಲೆಗೆ ತೇಲಲು ಕಟ್ಟುವ ಹಗುರ ಮರದ ತುಂಡು ಕೆತ್ತಿದರೆ ಕಾರಿನ ಮೈ. ದರ್ಜಿ ಅಂಗಡಿಯಲ್ಲಿ ನೂಲು ಮುಗಿದ ಮರದ ಉರುಳೆ ಕೊಯ್ದರೆ ಚಕ್ರ. ಮುರಿದ ಕೊಡೆಯ ಕಡ್ಡಿಯೇ ಅಚ್ಚು. ಉರುಳೆ ಸಿಗುವುದು ದರ್ಜಿಯ ಮಗನಿಂದಾದ್ದರಿಂದ ನಮ್ಮ ಗುಂಪಿಗೆ ಅವನೇ ಯಜಮಾನ. ಅವನಿಗೆ ಬಾಯಿ ಬಹಳ. ಸಂಜೆ ಕೊನೆಯ ಬಸ್ಸು ದಾಟಿದ ಮೇಲೆ ಕಡವಿನ ಇಳಿಜಾರು ನಮ್ಮದು. ಹೊಟೇಲಿನ ಮುಂದೆ ಗೆರೆ ಎಳೆದು ಕಾರುಗಳನ್ನು ಸಾಲಾಗಿ ಹಿಡಿದು ಕೂರುವುದು, ಒಂದೇ ಸಲಕ್ಕೆ ಕೈ ಬಿಡುವುದು. ನೂಕುವಂತಿಲ್ಲ. ಇಳಿಜಾರು ಎಷ್ಟು ಕೊಡುತ್ತದೋ ಅಷ್ಟೇ ಓಟ.

ಹುಡುಗಿ ಎಂದರೆ ನಾನೊಬ್ಬಳೇ. ಮೊದಲ ದಿನವೇ ದರ್ಜಿಯ ಮಗ, "ಹೆಣ್ಮಕ್ಳ್ ಕಾರ್ ಬಿಡುದ್ ಎಲ್ಲಾರೂ ಇತ್ತಾ?" ಎಂದು ನನ್ನ ಕಾರನ್ನು ಸಾಲಿನಿಂದ ಎತ್ತಿಟ್ಟ. ನಾನು ಅವನ ಕೂದಲಿಗೆ ಕೈ ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಅಜ್ಜನ ದನಿ ಬಂತು.

"ಹ್ವಾಯ್ ಮಾಣಿ, ಗಂಡ್ ಯಾವ್ದ್ ಹೆಣ್ಣ್ ಯಾವ್ದ್ ಅಂತ ಇಳಿಜಾರಿಗೆ ಗೊತ್ತಿಲ್ಲೆ. ಬಿಟ್ಟದ್ದೆಲ್ಲ ಹೋತ್. ಇಡ್ ಅದ್ನ ಅಲ್ಲೇ."

ನನ್ನ ಕಾರು ಸಾಲಿಗೆ ಬಂತು. ಅವತ್ತಿನಿಂದ ನಾನು ಅಜ್ಜನ ಕಡೆಯವಳಾದೆ.

ಅವರು ಕೆಳಗೆ ಕೂರುತ್ತಿದ್ದುದಕ್ಕೆ ಕಾರಣವಿತ್ತು. ಇಳಿಜಾರು ಮುಗಿದರೆ ನೀರು. ಹಿಡಿಯುವವರಿಲ್ಲದಿದ್ದರೆ ಕಾರು ಹೊಳೆಪಾಲು. ಅಜ್ಜ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬಲಗೈಯನ್ನು ನೆಲಕ್ಕೆ ಊರಿ, ಅಂಗೈ ನಮ್ಮ ಕಡೆಗೆ ಮಾಡಿ ಕಾಯುತ್ತಿದ್ದರು. ಆ ಅಂಗೈಯೇ ನಮ್ಮ ಗುರಿ. ಯಾರ ಕಾರು ಮೊದಲು ಅಲ್ಲಿ ಹೋಗಿ ಸೇರುತ್ತದೋ ಅವರಿಗೆ ಗೆಲುವು. ಮುಖ ನೋಡಿ ಗೆಲ್ಲಿಸಿದರು ಎಂಬ ಮಾತು ಬರಬಾರದೆಂದು ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೈಗೆ ಬಂದದ್ದನ್ನು ಮುಟ್ಟಿ ನೋಡಿಯೇ ಯಾರದೆಂದು ಹೇಳುವರು. ಎದುರು ಹೊಳೆ ಹಳದಿಯಾಗಿರುತ್ತಿತ್ತು. ಆಚೆ ದಡದ ತೆಂಗುಗಳು ಕಪ್ಪಾಗುತ್ತಾ ಬರುತ್ತಿದ್ದವು. ನನ್ನ ಕಾರು ಚಿಕ್ಕದಾಗುತ್ತಾ, ಚಿಕ್ಕದಾಗುತ್ತಾ, ಆ ಬೆಳಕಿನೊಳಗೆ ಹೋಗಿ ಒಂದು ಕೈಯೊಳಗೆ ನಿಲ್ಲುತ್ತಿತ್ತು. ಈಗ ಕಣ್ಣು ಮುಚ್ಚಿದರೂ ನನಗೆ ಅದು ಕಾಣುತ್ತದೆ.

ತೊಂದರೆ ಇದ್ದದ್ದು ಮರಳಿನದು. ಇಳಿಜಾರಿನ ಕೆಳಗಿನ ಅರ್ಧ ಭಾಗ ಯಾವಾಗಲೂ ಹಸಿ. ಚಕ್ರ ತಿರುಗುತ್ತಾ ಮರಳೆಬ್ಬಿಸಿ ಅಚ್ಚಿನೊಳಗೆ ತುಂಬಿಕೊಂಡು ಕಾರು ಮುಗ್ಗರಿಸುತ್ತಿತ್ತು. ಒಂದು ದಿನ ಅಜ್ಜ ನನ್ನ ಕಾರಿನ ಹೊಟ್ಟೆ ತಿರುಗಿಸಿ ನೋಡಿ ಹೇಳಿದರು: "ಇದ್ಕ್ ಮಡ್ಗಾರ್ಡ್ ಬೇಕ್. ಮಡ್ಗಾರ್ಡ್ ಇಲ್ದಿದ್ರೆ ಅದ್ ಎಂತ ಕಾರ್? ಬರೀ ಮೈಯಂಗ್ ಪ್ಯಾಟಿಗ್ ಹೊರ್ಟಂಗೆ."

ಮಾರನೆಯ ದಿನವೇ ಕೆಲಸ ಶುರು. ಮುರಿದ ಗಳದ ಬಿದಿರನ್ನು ತೆಳ್ಳಗೆ ಸೀಳಿದರು. ಅವರ ಹೆಂಡತಿ ಕುಚ್ಚಲಕ್ಕಿ ಗಂಜಿ ಬಸಿಯುವ ಹೊತ್ತಿಗೆ ಆ ಸೀಳುಗಳನ್ನು ಬಿಸಿ ತಿಳಿಯಲ್ಲಿ ಅದ್ದಿದರು. "ಅನ್ನಕ್ಕ್ ಬಿದಿರ್ ಪರಿಮಳ ಬಂದ್ರೆ ನೀವೇ ಉಣ್ಕ್" ಎಂದು ಅಜ್ಜಿ ಒಳಗಿನಿಂದ ಗೊಣಗುತ್ತಿದ್ದರು. ಸೀಳು ಮೆತ್ತಗಾದ ಮೇಲೆ ಅಜ್ಜ ಅದನ್ನು ಬಲ ಅಂಗೈಯಲ್ಲಿ ಹಿಡಿದು ಮುಷ್ಟಿ ಕಟ್ಟುತ್ತಿದ್ದರು. ನನ್ನ ಕೈಯಾಗಿದ್ದರೆ ಬೊಬ್ಬೆ ಏಳಬೇಕಿತ್ತು. ಅವರು ಯಾವುದೋ ಹಳೇ ನೆರೆಯ ಕಥೆ ಹೇಳುತ್ತಾ, ಕಥೆ ಮುಗಿಯುವಾಗ ಮುಷ್ಟಿ ತೆರೆಯುವರು. ಬಿದಿರು ಅಂಗೈಯಷ್ಟೇ ಬಗ್ಗಿರುತ್ತಿತ್ತು. ನಮ್ಮೆಲ್ಲರ ಕಾರುಗಳ ಮಡ್‌ಗಾರ್ಡಿನ ಅಳತೆ ಆ ಒಂದು ಕೈ.

ಅದನ್ನು ಮೈಗೆ ಸೇರಿಸುವಾಗ ಅವರು ಮೊಳೆ ಮುಟ್ಟಲಿಲ್ಲ. ನಮ್ಮ ಕಡೆಯ ಹಳೆಯ ದೋಣಿಗಳಿಗೆ ಮೊಳೆಯಿಲ್ಲ. ಹಲಗೆಗೆ ತೂತು ಕೊರೆದು ಕತ್ತದ, ಅಂದರೆ ತೆಂಗಿನ ನಾರಿನ, ಹಗ್ಗದಲ್ಲಿ ಹೊಲಿಯುವುದು. ಅಜ್ಜನಿಗೆ ಗೊತ್ತಿದ್ದದ್ದು ಅದೇ. ಕತ್ತವನ್ನು ದಾರದಷ್ಟು ತೆಳ್ಳಗೆ ಹೊಸೆದು, ಬಿಗಿಯಾಗಿ, ಅಂದವಾಗಿ, ದೋಣಿ ಹೊಲಿದಂತೆಯೇ ಹೊಲಿದರು. ಮೇಲೆ ಮೀನೆಣ್ಣೆ ಬಳಿದರು, ದೋಣಿಗೆ ಬಳಿಯುತ್ತಾರಲ್ಲ, ಅದಕ್ಕೆ. ಆಮೇಲೆ ಊರಿನ ಬೆಕ್ಕುಗಳೆಲ್ಲ ನನ್ನ ಹಿಂದೆ. "ನಿನ್ ಕಾರ್ ಇಟ್ಟಲ್ ಗಿರಾಕಿಗಳ್ ಮೂಗ್ ಮುಚ್ಕಂಡ್ ಚಾ ಕುಡಿತ್ರ್" ಎಂದು ಅಪ್ಪಯ್ಯ ಅದನ್ನು ಹೊಟೇಲಿನಿಂದ ಹೊರಗೆ ಹಾಕಿದರು. ನೋಡಲು ಮಾತ್ರ ಕಾರು ಎಂದರೆ ಕಾರು. ನಾನು ಅದನ್ನು ದಿಂಬಿನ ಪಕ್ಕದಲ್ಲಿಟ್ಟು ಮಲಗಿದೆ.

ಮಡ್‌ಗಾರ್ಡಿನ ಮೊದಲ ಓಟದ ದಿನ ಸಣ್ಣ ಹನಿ ಬಿದ್ದು ನಿಂತಿತ್ತು. ಸಾಲಾಗಿ ಬಿಟ್ಟೆವು. ಕಾರುಗಳು ಗತ್ತಿನಿಂದ ಹೊರಟವು. ಹಸಿ ಜಾಗ ಮುಟ್ಟಿ ಕೊಂಚ ದೂರ ಹೋಗಿ, ಒಂದು ನಿಂತಿತು. ಅದರ ಪಕ್ಕದ್ದು ನಿಂತಿತು. ನನ್ನದೂ ನಿಂತಿತು. ಅಜ್ಜ ಕೆಳಗೆ ಕಣ್ಣು ಮುಚ್ಚಿ, ಅಂಗೈ ಊರಿ ಕಾಯುತ್ತಲೇ ಇದ್ದಾರೆ. ನಾವು ಮೇಲೆ ಬಾಯಿ ಬಿಟ್ಟುಕೊಂಡು ಕೂತಿದ್ದೇವೆ. ನಡುವೆ ಇಳಿಜಾರಿನ ತುಂಬ ಹೊಸ ಮಡ್‌ಗಾರ್ಡಿನ ಕಾರುಗಳು ಜಂಗಲ್‌ಗೆ ಕಾದು ನಿಂತ ಬಸ್ಸುಗಳಂತೆ ಸುಮ್ಮನೆ ನಿಂತಿವೆ.

ಕಡೆಗೆ ಅಜ್ಜ ಕಣ್ಣು ಬಿಟ್ಟು ಎದ್ದು ಬಂದರು. ನನ್ನ ಕಾರನ್ನೆತ್ತಿ ಉಗುರಿನಲ್ಲಿ ಚಕ್ರ ತಿರುಗಿಸಿ ನೋಡಿದರು. ತಿರುಗಲಿಲ್ಲ. ಹೊಲಿಗೆ ಮುಟ್ಟಿದರು. ಅಲ್ಲೇ ಕೂತು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು.

"ದೋಣಿ ಅಂದ್ಕಂಡ್ ಹೊಲ್ದೆ ಮಕ್ಳೆ! ಇದ್ ಕಾರ್ ಅಲ್ದಾ!"

ಕತ್ತ ನೀರು ಕುಡಿದರೆ ಉಬ್ಬಿ ಗಿಡ್ಡವಾಗುತ್ತದೆ. ದೋಣಿ ನೀರಿಗಿಳಿದ ಮೇಲೆ ಹೊಲಿಗೆ ತನ್ನಷ್ಟಕ್ಕೇ ಬಿಗಿದು ಹಲಗೆಗಳನ್ನು ಒಂದಕ್ಕೊಂದು ಎಳೆದುಕೊಳ್ಳುವುದು ಹಾಗೆಯೇ. ಅದಕ್ಕೇ ನೀರು ಒಳಗೆ ಬರುವುದಿಲ್ಲ. ನಮ್ಮ ಕಾರಿನ ಹೊಲಿಗೆಯೂ ಹಸಿ ತಾಗಿದ್ದೇ ದೋಣಿಯಂತೆ ಬಿಗಿದು, ಮಡ್‌ಗಾರ್ಡನ್ನು ಚಕ್ರದ ಮೇಲಕ್ಕೆ ಎಳೆದು ಕೂರಿಸಿತ್ತು. ಜೀವಮಾನವಿಡೀ ದೋಣಿಯ ಮೇಲೆ ನಿಂತವರು ಮಾತ್ರ ಮಾಡಬಹುದಾದ ತಪ್ಪು ಅದು.

ಮತ್ತೆ ಎಲ್ಲವನ್ನೂ ಬಿಚ್ಚಿದರು. ಈ ಸಲ ಕತ್ತವನ್ನು ಮೊದಲೇ ನೆನೆಸಿದರು. ಕಸ ಗುಡಿಸುವ ಹಿಡಿಸೂಡಿಯಿಂದ ತೆಂಗಿನ ಗರಿಯ ಕಡ್ಡಿಯೊಂದನ್ನು ಎಳೆದು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಇಟ್ಟು ಹೊಲಿದರು. ಹೊಲಿದು ಮುಗಿದ ಮೇಲೆ ಕಡ್ಡಿಯನ್ನು ಮೆಲ್ಲನೆ ಎಳೆದು ತೆಗೆದರು. ಉಳಿದ ಎಡೆಯಲ್ಲಿ ಚಕ್ರ ಸುಖವಾಗಿ ತಿರುಗಿತು. ನನಗೂ ಹೊಲಿಯಲು ಕಲಿಸಿದರು. ನಾನು ಸೂಜಿ ಎತ್ತುವ ಮೊದಲೇ ಕೇಳುತ್ತಿದ್ದರು: "ಕಡ್ಡಿ ಇಟ್ಯಾ?" ಆಮೇಲೆ ಆ ಮಾತು ಎಲ್ಲದಕ್ಕೂ ಬಂತು. ನಾನು ಎರಡು ಜಡೆಯನ್ನು ಬಿಗಿದು ಕಟ್ಟಿಕೊಂಡು ಬಂದರೆ, "ಕಡ್ಡಿ ಇಟ್ಯಾ?" ದರ್ಜಿಯ ಮಗನ ಜೊತೆ ಮಾತು ಬಿಟ್ಟೆ ಎಂದರೆ, "ಕಡ್ಡಿಯಷ್ಟ್ ಎಡೆ ಬಿಟ್ಟಿದ್ಯಾ?"

ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಸೇತುವೆ ಆಯಿತು. ಊರಿಗೆ ಊರೇ ಅದರ ಮೇಲೆ ನಡೆದು ನೋಡಿತು. ಅಜ್ಜ ಹೋಗಲಿಲ್ಲ. ಜಂಗಲ್ ದಡಕ್ಕೆ ಬಿತ್ತು. ಬಸ್ಸುಗಳು ಈಗ ನಮ್ಮ ತಲೆಯ ಮೇಲಿಂದ ಗುಡುಗಿಕೊಂಡು ಹೋಗುತ್ತಿದ್ದವು. ಅಪ್ಪಯ್ಯ ಹೊಟೇಲನ್ನು ಬೆಂಚು ಸಮೇತ ಸೇತುವೆಯ ಬುಡಕ್ಕೆ ಸಾಗಿಸಿದರು. "ನೀವೂ ಬನಿ, ಅಲ್ಲೇ ಕೂಕಂಬಕ್ಕ್" ಎಂದು ಕರೆದರೆ ಅಜ್ಜ ತಲೆಯಾಡಿಸಿದರು. "ಆ ರಸ್ತಿಗ್ ನಾನ್ ಕಾಲ್ ಇಡೂದಿಲ್ಲೆ ಮಾರಾಯ್ರೆ. ನೀರಿದ್ದಲ್ ನಾನ್." ಆಚೆ ದಡದಲ್ಲಿ ಕೆಲಸವಿದ್ದರೆ ಚಿಕ್ಕ ದೋಣಿಯಲ್ಲಿ ಒಬ್ಬರೇ ಹೋಗಿ ಬರುತ್ತಿದ್ದರು, ಸೇತುವೆಯ ನೆರಳಿನ ಅಡಿಯಲ್ಲೇ.

ನಮ್ಮ ಗುಂಪೂ ಅಪ್ಪಯ್ಯನ ಹಿಂದೆಯೇ ಹೋಯಿತು. ಸೇತುವೆಯಿಂದ ಇಳಿಯುವ ರಸ್ತೆ ನುಣ್ಣನೆಯ ಡಾಂಬರು. ನಮಗಿಂತ ಚಿಕ್ಕವರೂ ಸೇರಿದ್ದರು. ಕಾರುಗಳು ಹಿಂದೆಂದೂ ಓಡದ ವೇಗದಲ್ಲಿ ಓಡಿದವು. ಕೆಳಗೆ ಹಿಡಿಯುವ ಕೈಯಿರಲಿಲ್ಲ. ಮೈಲುಗಲ್ಲಿಗೆ ಬಡಿದು ಕೆಲವು ಹೋಳಾದವು, ಕೆಲವು ಚರಂಡಿಗೆ ಹಾರಿದವು. ಮೊದಮೊದಲು ಮುರಿದದ್ದನ್ನು ಅಜ್ಜನ ಬಳಿಗೆ ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಅದೂ ನಿಂತಿತು. ನಾನು ಹೋದಾಗಲೆಲ್ಲ ಅಜ್ಜ ಖಾಲಿ ಇಳಿಜಾರಿನ ಕೊನೆಯಲ್ಲಿ ಕೂತಿರುತ್ತಿದ್ದರು. ಬಲಗೈ ಅಭ್ಯಾಸಬಲದಿಂದ ನೆಲದ ಮೇಲೆ ಊರಿರುತ್ತಿತ್ತು. ಮೇಲಿನಿಂದ ಏನೂ ಬರುತ್ತಿರಲಿಲ್ಲ. ಮಾತೂ ಕಡಿಮೆಯಾಗಿತ್ತು. "ಅನ್ನ ಎರಡ್ ತುತ್ತ್ ಉಣ್ತ್ರ್, ಎದ್ ಹೋತ್ರ್" ಎಂದು ಅಜ್ಜಿ ನನ್ನೊಡನೆ ಕಣ್ಣೊರೆಸಿಕೊಂಡರು. ನನಗೆ ಹೆದರಿಕೆಯಾಯಿತು. ಈ ಮನುಷ್ಯ ಇಲ್ಲಿ ಹೀಗೇ ಕೂತರೆ ಉಳಿಯುವುದಿಲ್ಲ ಎಂದು ನನಗೆ ಆ ವಯಸ್ಸಿನಲ್ಲೇ ಗೊತ್ತಾಗಿತ್ತು. ಅವರನ್ನು ಆ ರಸ್ತೆಗೆ ಹತ್ತಿಸಬೇಕು. ಬೇಡಿ ನೋಡಿದೆ, ಜಗಳ ಮಾಡಿ ನೋಡಿದೆ. "ಸಂಕದ್ ಮೇಲ್ ನಂಗೆಂತ ಕೆಲ್ಸ?" ಎಂದರು ಅಷ್ಟೇ. ಸೇತುವೆ ಅವರ ಬಾಯಲ್ಲಿ ಸಂಕ.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಬುದ್ಧಿ ಚುರುಕಾಗುತ್ತದೆ, ಇದು ಮನೆಯವರೆಲ್ಲ ಒಪ್ಪಿದ ಮಾತು. ನನ್ನ ಕಾರಿನ ಹೊಲಿಗೆಯನ್ನು ಬ್ಲೇಡಿನಲ್ಲಿ ಕೊಯ್ದೆ. ಅಪ್ಪಯ್ಯನ ಚಾಪುಡಿ ಪೆಟ್ಟಿಗೆಯಿಂದ ಮೊಳೆ ಕಿತ್ತು, ನಾಲ್ಕೂ ಮಡ್‌ಗಾರ್ಡುಗಳಿಗೆ ಹೇಗೆಂದರೆ ಹಾಗೆ ಹೊಡೆದೆ. ಬಿದಿರು ಸೀಳುಬಿಟ್ಟಿತು. ಅದನ್ನು ತೆಗೆದುಕೊಂಡು ಹೋಗಿ ಅಜ್ಜನ ಮುಖದ ಮುಂದೆ ಹಿಡಿದೆ.

ಅವರು ನೋಡಿದರು. ಮುಖ ಕೆಂಪಾಯಿತು. "ಎಂತ ಇದ್? ಮೊಳೆಯಾ? ನಾನ್ ಹೊಲ್ದ್ ಕೊಟ್ಟದ್ದ್ ಎಲ್ ಹೋಯ್ತ್?"

"ಕೊಯ್ದೆ. ಇದನ್ನೇ ಈಗ ಸಂಕದ್ ಇಳಿಜಾರಿಂದ ಬಿಡೂದ್."

"ತಾ ಇಲ್ಲಿ. ಬಿಚ್ಚಿ ಹೊಲ್ದ್ ಕೊಡ್ತೆ."

"ಬ್ಯಾಡ" ಎಂದವಳೇ ಓಡಿದೆ. ಹಿಂದೆ "ಹ್ವಾಯ್ ಹೆಣೆ! ಹೋಳಾತ್ತ್ ಅದ್! ನಿಲ್ಲ್!" ಎಂದು ಕೂಗು. ನಾನು ತಿರುಗಿ ನೋಡಲಿಲ್ಲ. ಏರಿಯ ಕಾಲುದಾರಿ ಹತ್ತಿ, ರಸ್ತೆ ಏರಿ, ಸೇತುವೆಯ ತುದಿ ಮುಟ್ಟಿದ ಮೇಲೆಯೇ ನಿಂತದ್ದು. ಕೆಳಗೆ ನೋಡಿದರೆ ಅಜ್ಜ ಏರಿ ಹತ್ತಿ ರಸ್ತೆಯ ಅಂಚಿಗೆ ಬಂದು ಏದುಸಿರು ಬಿಡುತ್ತಿದ್ದಾರೆ. ಡಾಂಬರಿನ ಅಂಚು. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲಿಲ್ಲ.

ನಾನು ಕಾರನ್ನು ಬಿಟ್ಟೆ.

ಅದು ಅಡ್ಡಾದಿಡ್ಡಿ ಇಳಿಯಿತು. ಒಂದು ಮಡ್‌ಗಾರ್ಡು ಕಳಚಿ ಹಾರಿತು. ಕಾರು ಮೈಲುಗಲ್ಲಿನ ಕಡೆಗೆ ತಿರುಗಿತು. ಆಗ ಅಜ್ಜ ಏನೂ ಯೋಚಿಸಲಿಲ್ಲ. ಪಂಚೆ ಮೇಲೆತ್ತಿ ನಾಲ್ಕು ಹೆಜ್ಜೆ ಓಡಿ, ರಸ್ತೆಯ ನಡುವೆ ಕುಕ್ಕರುಗಾಲಲ್ಲಿ ಕೂತು, ಬಲಗೈ ಊರಿದರು. ಕಾರು ನೇರ ಅವರ ಅಂಗೈಗೆ ಹೋಗಿ ನಿಂತಿತು.

ನಾನು ಓಡಿ ಬರುವಾಗ ಅವರು ತಮ್ಮ ಪಾದಗಳನ್ನೇ ನೋಡುತ್ತಿದ್ದರು. ಆಮೇಲೆ ಸುತ್ತ ನೋಡಿದರು, ರಸ್ತೆಯನ್ನು, ಮೇಲೆ ಸೇತುವೆಯನ್ನು.

"ಬಿಸಿ ಇತ್ತ್ ಮಾರಾಯ್ತಿ" ಎಂದರು.

ಅಷ್ಟು ಹೊತ್ತಿಗೆ ಬೈಂದೂರಿನ ಕಡೆಯಿಂದ ಬಸ್ಸೊಂದು ಸೇತುವೆ ದಾಟಿ ಇಳಿದು ಬಂತು. ಡ್ರೈವರು ನಮ್ಮಿಂದ ಎಷ್ಟೋ ದೂರದಲ್ಲೇ ನಿಲ್ಲಿಸಿ ಇಳಿದ. ವರ್ಷಾನುಗಟ್ಟಲೆ ಅಜ್ಜನ ಜಂಗಲ್ ಮೇಲೆ ಬಸ್ಸು ಹತ್ತಿಸಿದವನು ಅವನು. "ಅಜ್ಜ, ನಿಮ್ಮ ಕಾಣ್ದೆ ಎಷ್ಟ್ ಸಮಯ ಆಯ್ತ್!" ಎಂದ. ಅಜ್ಜ ಎದ್ದು ಹೋಗಿ ಬಸ್ಸಿನ ಮುಂದಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತರು. ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು, ಯಾರೂ ಗಡಿಬಿಡಿ ಮಾಡಲಿಲ್ಲ. ನಾನು ಅತ್ತೆ. ಸಂತೋಷಕ್ಕೆ ಅಳು ಬರುತ್ತದೆ ಎಂದು ಅವತ್ತು ಮೊದಲ ಬಾರಿ ಗೊತ್ತಾಯಿತು.

ಮಾರನೆಯ ದಿನ ಸಂಜೆ ಅಜ್ಜ ಬಂದು ರಸ್ತೆಯಂಚಿನಲ್ಲಿ ಕೂತರು. ಆಮೇಲೆ ದಿನವೂ ಬಂದರು. ಅಪ್ಪಯ್ಯ ಕೊಟ್ಟ ಚಾ ಕುಡಿದು, ವಾಹನವಿಲ್ಲದ ಹೊತ್ತು ನೋಡಿ ಮಕ್ಕಳಿಗೆ "ಬಿಡಿ" ಎನ್ನುವರು. ಕಣ್ಣು ಮುಚ್ಚಿ ಕಾಯುವರು. ನಾನು ಬಿ.ಎ. ಓದಲು, ಟೀಚರ್ ಕೆಲಸಕ್ಕೆ ಬ್ರಹ್ಮಾವರಕ್ಕೆ ಹೋಗಲು ಒಬ್ಬಳೇ ಹೊರಟಾಗ ಎಲ್ಲರೂ ಹೆದರಿಸಿದರು. ನನಗೆ ಹೆದರಿಕೆಯಾಗಲಿಲ್ಲ. ಕೆಳಗೊಂದು ಕೈಯಿದೆ ಎಂದು ಗೊತ್ತಿದ್ದವರಿಗೆ ಮೇಲಿಂದ ಬಿಡುವುದು ಕಷ್ಟವಲ್ಲ. ನಾನು ಅವರಿಂದ ಪಡೆದದ್ದು ಇದು. ಇದಕ್ಕೆ ಪ್ರತಿಯಾಗಿ ಏನು ಕೊಡಬಹುದೋ ನನಗೆ ಹೊಳೆದಿಲ್ಲ.

ನನ್ನ ಮದುವೆಯ ದಿನ ಅಜ್ಜ ಬಂದು ತಲೆಯ ಮೇಲೆ ಕೈಯಿಟ್ಟರು. ಬಗ್ಗಿದ ಆ ಅಂಗೈ ನನ್ನ ತಲೆಗೆ ಅಳತೆ ತೆಗೆದಂತೆ ಕೂತಿತು. ಕಿವಿಯ ಹತ್ತಿರ ಬಾಗಿ, "ಕಡ್ಡಿ ಇಟ್ಕ ಹೆಣೆ" ಎಂದರು. ನನ್ನ ಗಂಡ ಇದೆಂಥ ಆಶೀರ್ವಾದ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದರು. ನಾನು ಹೇಳಲಿಲ್ಲ. ಆದರೆ ಇಟ್ಟುಕೊಂಡಿದ್ದೇನೆ.

ಅವರು ತೀರಿಕೊಂಡದ್ದು ಒಂದು ಮಳೆಗಾಲದ ಬೆಳಿಗ್ಗೆ. ಸುದ್ದಿ ತಂದವನು ದರ್ಜಿಯ ಮಗ. ಅವನು ಆಗ ಬಸ್ ಡ್ರೈವರ್. ಬ್ರಹ್ಮಾವರದಲ್ಲಿ ನಮ್ಮ ಶಾಲೆಯ ಎದುರು ಬಸ್ಸು ನಿಲ್ಲಿಸಿ ಹಾರನ್ ಹಾಕಿ, ಕಿಟಕಿಯಿಂದ "ಕಡವಿನಜ್ಜ ಹೋದ್ರ್, ಹತ್ತ್" ಎಂದ. ಹತ್ತಿದೆ. ಊರು ಮುಟ್ಟಿ, ಸೇತುವೆ ಹತ್ತುವ ಮೊದಲು ಅಜ್ಜ ಕೂರುತ್ತಿದ್ದ ಜಾಗದಲ್ಲಿ ಅವನು ಬಸ್ಸನ್ನು ನಿಲ್ಲಿಸಿದ. ಮುಂದಿನ ದಾರಿಗೆ ಬಸ್ಸನ್ನು ಅಲ್ಲಿ ಕಾದಿದ್ದ ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ ನನ್ನ ಜೊತೆ ಇಳಿದ.

ಅಂಗಳದಲ್ಲಿ ಜನ ಸೇರಿದ್ದರು. ಎದೆಯ ಮೇಲೆ ಕೈ ಜೋಡಿಸಿಡಲು ನೋಡಿದ್ದರು, ಬಲ ಅಂಗೈ ಕೊನೆಗೂ ಬಿಡಿಸಿಕೊಂಡಿರಲಿಲ್ಲ. "ಹಾಂಗೇ ಇರ್ಲಿ, ಬಿಡಿ" ಎಂದರು ಅಜ್ಜಿ. ಆಮೇಲೆ ಗಂಡಸರು ಚಟ್ಟಕ್ಕೆ ಹಗ್ಗ ಸುತ್ತಲು ಶುರು ಮಾಡಿದರು. ಹೊಸ ಕತ್ತದ ಹಗ್ಗ. ಕಾಲು ಕೊಟ್ಟು ಎಳೆದು ಬಿಗಿಯುತ್ತಿದ್ದರು. ಪಡುವಣದಲ್ಲಿ ಆಕಾಶ ಕಪ್ಪಾಗಿತ್ತು. ಹೆಂಗಸರು ಅಂಥಲ್ಲಿ ಬಾಯಿ ಹಾಕುವ ಕ್ರಮವಿಲ್ಲ. ನನಗೆ ತಡೆಯಲಾಗಲಿಲ್ಲ.

"ಹ್ವಾಯ್, ಅಷ್ಟ್ ಬಿಗಿ ಬ್ಯಾಡ. ಮಳೆ ಬತ್ತ್. ಕತ್ತ ಎಳಿತ್ತ್."

ಎಲ್ಲರೂ ನನ್ನನ್ನೇ ನೋಡಿದರು. ಯಾರಿಗೂ ಅರ್ಥವಾಗಲಿಲ್ಲ. ಒಬ್ಬನಿಗೆ ಆಯಿತು. ದರ್ಜಿಯ ಮಗ ಜಗಲಿಯ ಮೂಲೆಯಲ್ಲಿದ್ದ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ತಂದ. ಅಜ್ಜನ ಎದೆಗೂ ಹಗ್ಗಕ್ಕೂ ನಡುವೆ ಅದನ್ನಿಟ್ಟು ಗಂಟು ಹಾಕಿದ. ಹೊಟ್ಟೆಯ ಬಳಿ ಹಾಗೇ ಮಾಡಿದ, ಮೊಣಕಾಲಿನ ಬಳಿ ಹಾಗೇ ಮಾಡಿದ. ಕಡೆಯ ಗಂಟು ಮುಗಿದ ಮೇಲೆ ಕಡ್ಡಿಯನ್ನು ಮೆಲ್ಲನೆ ಎಳೆದು ತೆಗೆದು ನನ್ನ ಕೈಗೆ ಕೊಟ್ಟ.

ಎತ್ತಿಕೊಂಡು ಹೋದರು. ಅವರು ಹೊಳೆಯ ದಂಡೆ ಮುಟ್ಟುವಷ್ಟರಲ್ಲಿ ಮಳೆ ಹೊಯ್ಯತೊಡಗಿತು. ಹಗ್ಗವೆಲ್ಲ ನೆನೆದಿರಬೇಕು. ಅಜ್ಜನಿಗೆ ಬಿಗಿಯಾಗಲಿಲ್ಲ.